ಕೇಕು ತಿನ್ನುವ ಹುಳ, ಕರಿಬೇವು ತಿನ್ನುವ ಹುಳ

ಮಕ್ಕಳ ಹುಟ್ಟುಹಬ್ಬಕ್ಕೆ ಪುಸ್ತಕ ಹಿಡಿದು ಹೋಗುವವರ ಬಗ್ಗೆ ನಮ್ಮ ಚಿಕ್ಕಬಾಣಾವರದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ಪಾಪ, ತಿಂಗಳ ಕೊನೆ ಇರಬೇಕು. ಎರಡು, ಮೇಷ್ಟ್ರಿರಬೇಕು. ಯಾವುದಾದರೂ ಸಿಗುವ ಮರ್ಯಾದೆ ಒಂದೇ. ರಿಮೋಟ್ ಕಾರು ತಂದ ಅಂಕಲ್ಲಿಗೆ ಕ್ರೀಮಿನ ಗುಲಾಬಿ ಇರುವ ಕೇಕಿನ ತುಂಡು, ನಮಗೆ ಚಿಪ್ಸು. ಮಗುವಿನ ತಾಯಿ ಪೊಟ್ಟಣವನ್ನು ಮೇಲಿಂದ ಸವರಿಯೇ ವಿಷಯ ತಿಳಿದುಕೊಂಡು, "ಓ, ಬುಕ್ಸಾ? ಒಳ್ಳೇದಾಯ್ತು" ಎಂದು ಫ್ರಿಜ್ ಮೇಲೆ ಇಡುತ್ತಾರೆ. ಅಲ್ಲಿಂದ ಅದು ಕೆಳಗಿಳಿಯುವುದು ಆಯುಧಪೂಜೆಗೆ ಮನೆ ಗುಡಿಸುವಾಗ.

ಕಾಲ ಹೀಗಿರುವಾಗ ನಮ್ಮ ಭಾವನೇ ಪುಸ್ತಕದ ಮಾತೆತ್ತಿದರು ಅಂದರೆ ನೀವು ನಂಬಬೇಕು. "ಪುಟ್ಟಿಗೆ ಏಳು ತುಂಬ್ತಿದೆ. ನೀನು ಹೇಗೂ ಕೆಲಸ ಇಲ್ದೆ ಓದೋನು, ನಾಲ್ಕು ಬುಕ್ ಆರಿಸಿ ಕೊಡಯ್ಯ" ಅಂದರು. ಎಂಥದ್ದು ಬೇಕು ಭಾವ ಅಂದೆ. ಶುರುವಾಯಿತು ನೋಡಿ. "ನೇಚರ್ ಬಗ್ಗೆ ಇರ್ಲಿ. ಫ್ರೆಂಡ್‌ಶಿಪ್ ಬಗ್ಗೆ ಇರ್ಲಿ. ಪ್ರಪಂಚಜ್ಞಾನ ಬರ್ಲಿ. ಇಂಗ್ಲಿಷು ಸುಧಾರಿಸ್ಲಿ, ಕನ್ನಡಾನೂ ಬಿಟ್ಟುಹೋಗದೆ ಇರ್ಲಿ. ಕೊನೇಲಿ ಒಂದು ಮಾರಲ್ ಇರ್ಲೇಬೇಕು. ಹಾಂ, ಪುಟ ಹರೀಬಾರದು."

"ಭಾವ, ಈ ಪಟ್ಟಿ ಹಿಡ್ಕೊಂಡು ವರ ಹುಡುಕಿದ್ರೆ ಮುಂದೆ ಪುಟ್ಟಿಗೆ ಮದುವೇನೇ ಆಗಲ್ಲ" ಅಂದೆ. ಅಕ್ಕ ಒಳಗಿಂದ ನಕ್ಕಳು. ಭಾವ ನಗಲಿಲ್ಲ.

ಅಕ್ಕ ಆಗಲೇ ಒಂದು ತಂದಿಟ್ಟಿದ್ದಳು. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಮಾಡಿದ ಹೊಟ್ಟೆಬಾಕ ಹುಳದ ಪುಸ್ತಕ, ಜಗತ್ಪ್ರಸಿದ್ಧ. ಹುಳ ಸೋಮವಾರ ಸೇಬು ತಿನ್ನುತ್ತದೆ, ಶುಕ್ರವಾರದ ಹೊತ್ತಿಗೆ ಕಿತ್ತಳೆಗೆ ಬರುತ್ತದೆ, ಶನಿವಾರ ಕೇಕು, ಐಸ್‌ಕ್ರೀಮು, ಉಪ್ಪಿನಕಾಯಿ, ಚೀಸು ಎಲ್ಲ ಬಾರಿಸಿ ರಾತ್ರಿ ಹೊಟ್ಟೆನೋವು ಅನ್ನುತ್ತದೆ. ನಮ್ಮ ಕಡೆ ಮದುವೆಗೆ ಬಂದ ದಾಯಾದಿಗಳ ಹಾಗೆ. ಹಾಳೆಯಲ್ಲಿ ಹುಳ ಕೊರೆದ ತೂತುಗಳೂ ಇವೆ, ಪುಟ್ಟಿ ಬೆರಳು ತೂರಿಸಿ ತೂರಿಸಿ ಅವನ್ನು ದೊಡ್ಡ ಮಾಡಿದ್ದಾಳೆ. ಚೆಂದದ ಪುಸ್ತಕ, ಎರಡು ಮಾತಿಲ್ಲ.

ತಮಾಷೆ ಏನಪ್ಪಾ ಅಂದರೆ, ಅದನ್ನು ಓದುತ್ತಾ ಕೂತ ಬಾಲ್ಕನಿಯಲ್ಲೇ ಅಕ್ಕನ ಕರಿಬೇವಿನ ಕುಂಡ ಇದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಾಣುತ್ತಿದ್ದುದನ್ನು ಒರೆಸಲು ಅಕ್ಕ ಬಟ್ಟೆ ತಂದರೆ, ಹಿಕ್ಕೆ ನಡೆಯತೊಡಗಿತು! ಕರಿಬೇವು, ನಿಂಬೆ ಗಿಡಗಳಿಗೆ ಮೊಟ್ಟೆ ಇಡುವ ಚಿಟ್ಟೆಯ ಮರಿ ಅದು. ಹಕ್ಕಿಗಳ ಕಣ್ಣು ತಪ್ಪಿಸಲು ಎಳೆಯದರಲ್ಲಿ ಹಕ್ಕಿ ಹಿಕ್ಕೆಯದೇ ವೇಷ. ಬೆಳೆದ ಮೇಲೆ ಹಸಿರು ಅಂಗಿ. ಮುಟ್ಟಿದಿರೋ, ತಲೆಯ ಹಿಂದಿನಿಂದ ಕವಲು ಕೊಂಬೊಂದನ್ನು ಹೊರಗೆ ಚಾಚಿ ಗಬ್ಬು ವಾಸನೆ ಬಿಡುತ್ತದೆ. ಪುಟ್ಟಿ ಅದರ ಮುಂದೆ ಒಂದು ತುಂಡು ಕೇಕು ಇಟ್ಟಳು. ಮೂಸಿಯೂ ನೋಡಲಿಲ್ಲ. "ಮಾಮ, ಇದಕ್ಕೆ ಶನಿವಾರ ಗೊತ್ತಿಲ್ವಾ?" ಅಂದಳು. ಕಾರ್ಲ್‌ನ ಹುಳ ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತದೆ. ಇದು ಗೂಡುಗೀಡು ಅಂತ ತಲೆ ಕೆಡಿಸಿಕೊಳ್ಳದೆ, ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕಡ್ಡಿಗೆ ಒರಗಿ ಕೋಶವಾಯಿತು. ಅಷ್ಟರಲ್ಲಿ ಗಿಡ ಬೋಳಾಗಿತ್ತು, ಒಗ್ಗರಣೆಗೆ ಕರಿಬೇವನ್ನು ಅಂಗಡಿಯಿಂದ ತಂದದ್ದಾಯಿತು. ನನ್ನನ್ನು ಕೇಳಿದರೆ ಪ್ರಕೃತಿಯ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಪಕ್ಕದಲ್ಲೊಂದು ಕುಂಡ ಇರಬೇಕು. ಇಲ್ಲದಿದ್ದರೆ ಮಕ್ಕಳು ಓಕ್ ಮರ, ಹಿಮ, ರಾಬಿನ್ ಹಕ್ಕಿ ಎಲ್ಲ ಬಾಯಿಪಾಠ ಒಪ್ಪಿಸಿ, ಹೊಂಗೆ ಮರದ ಕೆಳಗೇ ಸ್ಕೂಲ್ ವ್ಯಾನಿಗೆ ಕಾಯುತ್ತಾ "ಇದ್ಯಾವ ಮರ ಆಂಟಿ?" ಅನ್ನುತ್ತವೆ. ಆಂಟಿಗೂ ಗೊತ್ತಿರುವುದಿಲ್ಲ.

ನಮ್ಮೂರಿಗೆ ಪ್ರಕೃತಿ ಕಮ್ಮಿ ಅಂತ ಯಾರೂ ಅನ್ನುವ ಹಾಗಿಲ್ಲ. ಕೆರೆ ಇದೆ, ಹೆಸರಘಟ್ಟದ ಹುಲ್ಲುಗಾವಲು ಕೂಗಳತೆಯಲ್ಲಿದೆ. ಬರಬೇಕಾದ ಉಪನಗರ ರೈಲಿಗೂ ಹೂವಿನ ಹೆಸರೇ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿ.ಮೀ. ಉದ್ದದ ಮಾರ್ಗಕ್ಕೆ 'ಮಲ್ಲಿಗೆ' ಅಂತ ಇಟ್ಟಿದ್ದಾರೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, ಮಲ್ಲಿಗೆ ಇನ್ನೂ ಮೊಗ್ಗು.

ರೈಲು ಅಂದಾಗ ನೆನಪಾಯಿತು. ಭಾವನ ಪಟ್ಟಿಯ ಎರಡನೇ ಐಟಂ, ಸ್ನೇಹ. ಈ ಹೆಸರಿನಲ್ಲಿ ಬರುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಉಪದೇಶ. ಮೊಲ ಕ್ಯಾರೆಟ್ ಹಂಚಿಕೊಳ್ಳಲಿಲ್ಲ, ಅಳಿಲು ಬೇಜಾರು ಮಾಡಿಕೊಂಡಿತು, ಮೊಲ ಸಾರಿ ಕೇಳಿತು, ಕತೆ ಮುಗಿಯಿತು. ಇಂಥ ಮೊಲದ ಜೊತೆ ಯಾವ ಮಗು ತಾನೇ ಆಟಕ್ಕೆ ಹೋದೀತು? ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯದ ಬಗ್ಗೆ 1981ರಲ್ಲಿ ಬರೆದ 'ತೊತ್ತೊಚಾನ್' ನೋಡಿ, ಕನ್ನಡಕ್ಕೂ ಬಂದಿದೆ. ಹಳೇ ರೈಲು ಬೋಗಿಗಳಲ್ಲೇ ತರಗತಿ ನಡೆಸುವ ಶಾಲೆ. ಪೋಲಿಯೊ ಆದ ಗೆಳೆಯನನ್ನು ಈ ಹುಡುಗಿ ಮನೆಯಲ್ಲಿ ಹೇಳದೆ, ಏಣಿ ಎಳೆದು ತಂದು, ಬೆವರು ಸುರಿಸಿಕೊಂಡು ಮರ ಹತ್ತಿಸುತ್ತಾಳೆ. ಮೇಲೆ ಕೂತು ಆ ಹುಡುಗ, ಅಮೆರಿಕದಲ್ಲಿ ಟೆಲಿವಿಷನ್ ಅಂತ ಒಂದು ವಸ್ತು ಇದೆಯಂತೆ ಅನ್ನುತ್ತಾನೆ. ಕೇಳಿದ ಹುಡುಗಿ ಬೆಳೆದು ಜಪಾನಿನ ಟಿವಿಯಲ್ಲೇ ಹೆಸರಾದಳು. ಇದರಲ್ಲಿ ಮಾರಲ್ ಎಲ್ಲಿದೆ ಅಂತ ಭಾವ ಹುಡುಕುತ್ತಲೇ ಇದ್ದಾರೆ. ದೊಡ್ಡವರಿಗೆ ಹೇಳದೆ ಮರ ಹತ್ತಬೇಕು ಅನ್ನುವುದೊಂದೇ ಅವರಿಗೆ ಸಿಕ್ಕಿದ್ದು, ಅದರಿಂದ ಗಾಬರಿಯಾಗಿದ್ದಾರೆ. ಪುಟ್ಟಿ ಮಾತ್ರ ಸ್ಟೇಷನ್ ಕಡೆ ಹೋದಾಗೆಲ್ಲ ನಿಂತ ಬೋಗಿಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ.

ತೇಜಸ್ವಿಯವರ 'ಪರಿಸರದ ಕತೆ' ಕೊಟ್ಟಾಗ ಭಾವ "ಇದು ದೊಡ್ಡೋರ್ದಲ್ವಾ?" ಅಂದರು. ಕಿವಿ ಅನ್ನೋ ನಾಯಿಯ ಕತೆಗೆ ದೊಡ್ಡೋರು ಚಿಕ್ಕೋರು ಅಂತ ಇದೆಯೇ? 'ಕಿವಿಯೊಡನೆ ಒಂದು ದಿನ' ಓದಿ ಹೇಳಿ, ಮಗು ಕೇಳದಿದ್ದರೆ ಪುಸ್ತಕ ವಾಪಸ್ ನನಗೇ ಕೊಡಿ ಅಂದೆ. ಇನ್ನೂ ಕೊಟ್ಟಿಲ್ಲ. ಭಾವನೇ ರಾತ್ರಿ ಓದುತ್ತಾರೆ ಅಂತ ಅಕ್ಕನ ವರದಿ.

ಪ್ರಪಂಚಜ್ಞಾನಕ್ಕೆ ನಮ್ಮಲ್ಲಿ ಬರ ಅಂತ ಭಾವನ ನಂಬಿಕೆ. ಆದರೆ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಮಕ್ಕಳ ಪುಸ್ತಕಕ್ಕಾಗಿಯೇ ಬಾಲಸಾಹಿತ್ಯ ಮಂಡಲ ಕಟ್ಟಿ ನೂರು ವರ್ಷದ ಮೇಲಾಯಿತು. ಕಾರಂತರು 1930ರ ದಶಕದಲ್ಲೇ ಒಬ್ಬರೇ ಕೂತು ಮೂರು ಸಂಪುಟದ 'ಬಾಲಪ್ರಪಂಚ' ಬರೆದರು. ಗೂಗಲ್ ಇಲ್ಲದ ಕಾಲ ಸ್ವಾಮಿ ಅದು. ನಿರಂಜನ ಸಂಪಾದಿಸಿದ 'ವಿಶ್ವಕಥಾಕೋಶ' 25 ಸಂಪುಟ, ಹುಡುಗಿ ಸ್ವಲ್ಪ ದೊಡ್ಡವಳಾಗಲಿ. ದುಡ್ಡಿನ ಮಾತೇ ಆದರೆ, ನಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳನ್ನು ಬಿಟ್ಟಿಯಾಗಿ ಓದಲು ಇಟ್ಟಿದೆ. ಇಂಟರ್‌ನೆಟ್ ಪ್ಯಾಕಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪವಾದರೂ ಕ್ರಿಕೆಟ್ ಬಿಟ್ಟು ಬೇರೆಯದಕ್ಕೆ ಖರ್ಚಾಗಲಿ.

ಆರಿಸುವುದು ಹೇಗೆ ಅಂತೀರಾ? ಅಂಗಡಿಯಲ್ಲಿ ನಿಂತೇ ಎರಡು ಪುಟ ಗಟ್ಟಿಯಾಗಿ ಓದಿ. ನಿಮಗೇ ಆಕಳಿಕೆ ಬಂದರೆ ಮಗುವಿಗೂ ಬರುತ್ತದೆ. ಹಿಂಬದಿಯಲ್ಲಿ 'ಮೌಲ್ಯಗಳನ್ನು ಬೆಳೆಸುತ್ತದೆ' ಅಂತ ದಪ್ಪಕ್ಷರದಲ್ಲಿದ್ದರೆ ಮೆಲ್ಲಗೆ ಕಪಾಟಿಗೆ ಸೇರಿಸಿ. ಆಮೇಲೆ ಆಯ್ಕೆಯನ್ನು ಮಗುವಿನ ಕೈಗೇ ಬಿಡಿ. ಅದು ಡೈನೋಸಾರ್ ಎತ್ತಿಕೊಂಡರೆ ಡೈನೋಸಾರೇ, ನೀವು ಮಾರಲ್ ಬಿಟ್ಟುಬಿಡಿ.

ಕೊನೆಗೊಂದು ಮಾತು, ಇದು ಭಾವನಿಗಲ್ಲ, ನಿಮಗೆ. ಮನೆ ಕಂದಾಯದ ರಸೀತಿ ಇದ್ದರೆ ತೆಗೆದು ನೋಡಿ. 1965ರ ಗ್ರಂಥಾಲಯ ಕಾಯ್ದೆಯಂತೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ. ವರ್ಷಾವರ್ಷ ಕಟ್ಟಿ ಒಂದು ದಿನವೂ ಒಳಗೆ ಕಾಲಿಡದವರೇ ನಮ್ಮ ಬಡಾವಣೆಯಲ್ಲಿ ಹೆಚ್ಚು. ಈ ಭಾನುವಾರ ಮಗುವನ್ನು ಕರೆದುಕೊಂಡು ಹತ್ತಿರದ ಲೈಬ್ರರಿಗೆ ಹೋಗಿ, ಮಕ್ಕಳ ಪುಸ್ತಕ ಎಲ್ಲಿವೆ ಅಂತ ಕೇಳಿ. ಬೀರುವಿಗೆ ಬೀಗ ಹಾಕಿದ್ದರೆ ಬೀಗದ ಕೈ ಕೇಳಿ. ದುಡ್ಡು ಕೊಟ್ಟಿದ್ದೀರಲ್ಲ!