ಸೊನ್ನೆ ಸಾರ್

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಚೌಕಳಿ ಶರ್ಟು, ಜೇಬಿನಲ್ಲಿ ಪೆನ್ನು, ಮೇಜಿನ ಮೇಲೆ ರಟ್ಟು ಕಿತ್ತುಬಂದ ಕರ್ನಿಗನ್ ಮತ್ತು ರಿಚಿಯವರ ಸಿ ಪುಸ್ತಕ. ಅದೂ 1988ರ ಎರಡನೇ ಆವೃತ್ತಿ. ನಮ್ಮವರಿಗೆ ಹುಡುಗರು ಇಟ್ಟ ಹೆಸರು ಸೊನ್ನೆ ಸಾರ್.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಾಪ, ಬಾಯಿ ತಪ್ಪಿ ಕೇಳಿದಳು: "ಸಾರ್, ಸಿ-ಯಲ್ಲಿ ಒಂದು ಫೈಲನ್ನ ಪೂರ್ತಿ ಸ್ಟ್ರಿಂಗಿಗೆ ಓದ್ಕೊಳ್ಳೋದು ಹೇಗೆ? ಪೈಥಾನ್‌ನಲ್ಲಾದ್ರೆ ಒಂದೇ ಸಾಲು."

ರೆಡಿಮೇಡ್ ಸಾರಿನಪುಡಿ ತಂದಿದ್ದೀನಿ ಅಂತ ಅಜ್ಜಿಗೆ ಹೇಳಿದ ಹಾಗಾಯಿತು. ಸಾರ್ ಕನ್ನಡಕ ತೆಗೆದರು.

"ಕೂತ್ಕೋಮ್ಮ. ಎಫ್‌ಓಪನ್ ಮಾಡ್ದೆ, ತೆರೀತಾ ಅಂತ ನೋಡಿದ್ಯಾ? ಬರೀ 'ಆರ್' ಹಾಕ್ಬೇಡ, 'ಆರ್‌ಬಿ' ಹಾಕು. ಇಲ್ದಿದ್ರೆ ವಿಂಡೋಸು ಸಾಲಿನ ಕೊನೇಲಿರೋ ಎರಡು ಬೈಟನ್ನ ಒಂದು ಮಾಡಿ ಕೊಡುತ್ತೆ, ಲೆಕ್ಕ ತಪ್ಪುತ್ತೆ. ಎಫ್‌ಸೀಕ್ ಮಾಡಿ ಕೊನೆಗೆ ಹೋಗು. ಎಷ್ಟು ದೂರ ಬಂದೆ ಅಂತ ಎಫ್‌ಟೆಲ್ ಕೇಳು. ರಿವೈಂಡ್ ಮಾಡಿ ವಾಪಸ್ ಬಾ. ಈಗ ಮ್ಯಾಲಾಕ್‌ನಲ್ಲಿ ಎಷ್ಟು ಜಾಗ ಕೇಳ್ತೀಯಾ?"

"ಅಷ್ಟೇ, ಸಾರ್."

"ಸೊನ್ನೆ ಎಲ್ಲಿ ಕೂತ್ಕೊಳ್ಳುತ್ತೆ?"

ಆಮೇಲೆ ಬೆರಳು ಮಡಿಸತೊಡಗಿದರು. ಫೈಲಿನಲ್ಲಿ 'ಕನ್ನಡ' ಅಂತ ಮಾತ್ರ ಇದೆ ಅನ್ನು. ಕ, ನ, ಒತ್ತಿಗೊಂದು ಹಲಂತ ಚಿಹ್ನೆ, ಇನ್ನೊಂದು ನ, ಡ. ಐದಾಯ್ತು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಸೊನ್ನೆಗೊಂದು, 16. ಆ ಸೊನ್ನೆ ಇಲ್ಲದಿದ್ದರೆ ಪ್ರಿಂಟ್‌ಎಫ್‌ಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು. ಚೀಟಿ ಬಾರದ ಅಧ್ಯಕ್ಷರ ಭಾಷಣದಂತೆ ಪಕ್ಕದ ಮನೆಯ ವಿಷಯಕ್ಕೂ ಕೈ ಹಾಕುತ್ತದೆ. ಹುಡುಗಿಯ ಕಾಫಿ ಅಷ್ಟೊತ್ತಿಗೆ ಕೆನೆಗಟ್ಟಿತ್ತು.

ಈ ಚಟ ಆಫೀಸಿಗೇ ಮುಗಿಯುವುದಿಲ್ಲ. ಮದುವೆ ಊಟಕ್ಕೆ ಹೋದರೆ ಮೊದಲು ಪಂಕ್ತಿಯ ಕೊನೆಯವರೆಗೆ ನಡೆದು ಎಲೆ ಎಣಿಸುತ್ತಾರೆ, ಬಡಿಸುವವರಿಗೆ "ಒಂದು ಹೆಚ್ಚಿಗೆ ಇರಲಿ" ಅನ್ನುತ್ತಾರೆ, ತಿರುಗಿ ಬರುತ್ತಾರೆ. ಅವರ ಎಲೆಯ ಮುಂದೆ ಯಾರೋ ಕೂತು ಕೋಸಂಬರಿ ಮುಗಿಸಿರುತ್ತಾರೆ. ಅಳೆಯುವುದಕ್ಕೂ ಓದುವುದಕ್ಕೂ ನಡುವೆ ಫೈಲು ಬದಲಾಗಬಹುದು ಅನ್ನುವುದು ಸಾರ್‌ಗೆ ಗೊತ್ತಿಲ್ಲದ್ದೇನಲ್ಲ. ಹಾಗಾಗುವುದು ಬೇರೆ ಯಾರದೋ ಎಲೆಗೆ, ನನ್ನದಕ್ಕಲ್ಲ ಅನ್ನುವ ಭರವಸೆ, ಅಷ್ಟೆ.

ಮರುದಿನ ಹುಡುಗಿ ಮತ್ತೆ ಬಂದಳು. ಅವಳ ಪ್ರೋಗ್ರಾಮಿಗೆ ಮಾಹಿತಿ ಬರುವುದು ಫೈಲಿನಿಂದಲ್ಲ, ಪೈಪಿನಿಂದ. ಅಲ್ಲಿ ಎಫ್‌ಸೀಕ್ ನಡೆಯದು. ಇನ್ನೊಂದು ತುದಿಯವನು ಬಾಯಿ ಮುಚ್ಚುವವರೆಗೂ ಕೊನೆ ಎಲ್ಲಿದೆಯೆಂದು ಗೊತ್ತಾಗದು. ಸಾರ್ ಗಡ್ಡ ಕೆರೆದರು. "ನಾಳೆ ಹೇಳ್ತೀನಿ."

ಮಾರನೇ ಬೆಳಿಗ್ಗೆ ಅವರ ಮನೆಗೆ ಕಾವೇರಿ ನೀರು ಬರುವ ದಿನ. ನಲ್ಲಿಯ ಮುಂದೆ ನಿಂತು ಸಾರ್ ಯೋಚಿಸುತ್ತಿದ್ದರಂತೆ: ಇವತ್ತು ಎಷ್ಟು ಹೊತ್ತು ಬರಬಹುದು, ಚೊಂಬು ಇಡಲೋ, ಬಿಂದಿಗೆಯೋ, ಕೊಳದಪ್ಪಲೆಯೋ?

"ಅಯ್ಯೋ, ಸಿಕ್ಕಿದ್ದು ಇಡ್ರೀ!" ಒಳಗಿನಿಂದ ಹೆಂಡತಿ ಕೂಗಿದರು. "ತುಂಬಿದ್ರೆ ದೊಡ್ಡದಕ್ಕೆ ಸುರಿದ್ರಾಯ್ತು!"

ಆಫೀಸಿಗೆ ಬಂದವರೇ ಸಾರ್ ಬೋರ್ಡಿನ ಮೇಲೆ 'ರೀಅಲಾಕ್' ಅಂತ ಬರೆದು, ಸಾಲದಾದಾಗಲೆಲ್ಲ ಎರಡರಷ್ಟು ಅಂತ ಗೀಟು ಹಾಕಿದರು. ಯಾವ ಪುಸ್ತಕದಲ್ಲಿದೆ ಸಾರ್ ಎಂದು ಹುಡುಗಿ ಕೇಳಿದಳು. ಸಾರ್ ಬೋರ್ಡಿನ ಕಡೆ ತಿರುಗಿ, ಮೂಲೆಯಲ್ಲೊಂದು ಸೊನ್ನೆ ಸೇರಿಸಿದರು.