ಶ್ರಮ, ದಾನ

(ಭಾನುವಾರ ಬೆಳಗ್ಗೆ, ಬೆಂಗಳೂರಿನ ಒಂದು ಕೆರೆ ಏರಿ. ಯಾವ ಕೆರೆ ಅಂತ ನೊರೆಯೇ ಹೇಳುತ್ತದೆ.)

ಪೌರಕಾರ್ಮಿಕ ಅಕ್ಕ: ಏನ್ ಸಾರ್, 40 ಜನಕ್ಕೂ ಒಂದೇ ಬಣ್ಣದ ಬನೀನು?

ಟೆಕ್ಕಿ: ಟೀ ಶರ್ಟ್ ಅಕ್ಕಾ! ಶ್ರಮದಾನ. ನಮ್ಮಂಥ ದೊಡ್ಡ ಕಂಪನಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಕೊಡ್ಬೇಕು. 2013ರ ಕಾಯ್ದೆ.

ಅಕ್ಕ: ಓ, ಕಾಯ್ದೆಗೆ ಹೆದರಿ ಬಂದ್ರಾ?

ಟೆಕ್ಕಿ: ಛೇ, ಸ್ವಯಂಪ್ರೇರಣೆ! ಎಚ್‌ಆರ್ ಮೇಡಂ ಪ್ರೇರೇಪಿಸಿದ್ರು. ಬರದಿದ್ರೆ ಅಪ್ರೈಸಲ್ಲಲ್ಲಿ ಮಾರ್ಕ್ಸ್ ಕಟ್. ಕಸ ಎಲ್ಲಿ?

ಅಕ್ಕ: ನೆನ್ನೇನೇ ಗುಡಿಸ್‌ಬಿಟ್ಟೆ.

ಟೆಕ್ಕಿ: ಅಯ್ಯೋ! ಫೋಟೋಗ್ರಾಫರ್ ಬಂದಾಯ್ತು. ಒಂಚೂರು ವಾಪಸ್ ಹಾಕ್ತೀರಾ?

ಅಕ್ಕ: ಯಾಕ್ ಸಾರ್, ನೀವು ಕುಡಿದೆಸೆದ ನೀರಿನ ಬಾಟ್ಲಿ 80 ಬಿದ್ದವಲ್ಲ, ಸಾಲ್ದಾ?

ಟೆಕ್ಕಿ: ಸೂಪರ್! ಪೊರಕೆ ಕೊಡಿ. ಇದನ್ನ ಯಾವ ಕಡೆಗೆ ಹಿಡೀಬೇಕು?

ಅಕ್ಕ: ಕ್ಯಾಮೆರಾ ಕಡೆಗೆ ಸಾರ್.