ಮುನಿಸಿಕೊಂಡ ಬಟನ್ನು

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಮಾಡಿಸಿಕೊಳ್ಳುವ ಇಂಥ ಮಿತವ್ಯಯಿ ನಮ್ಮ ಮನೆಗೆ ಹೊಂದುತ್ತದೆಂದು ತಂದೆ. ಡಬ್ಬಿ ಬಿಚ್ಚಿದರೆ ಹಸಿರು ಬೋರ್ಡೊಂದೇ. ಪರದೆಯಿಲ್ಲ, ಕೀಬೋರ್ಡಿಲ್ಲ, ನನ್ನ ಪೈ 4ಕ್ಕೆ ಆನ್ ಮಾಡುವ ಸ್ವಿಚ್ಚೂ ಇಲ್ಲ. ಪರದೆ ಕೊಳ್ಳುವಷ್ಟು ಧಾರಾಳಿ ನಾನಲ್ಲವಾದ್ದರಿಂದ ಅದರ ಹೆಸರು, ಪಾಸ್‌ವರ್ಡು, ವೈಫೈ, ದೂರದಿಂದ ಒಳಹೋಗಲು ಎಸ್‌ಎಸ್‌ಎಚ್, ಎಲ್ಲವನ್ನೂ ಅದು ಕಣ್ಣು ಬಿಡುವ ಮೊದಲೇ ಮೆಮೊರಿ ಕಾರ್ಡಿಗೆ ತುಂಬಬೇಕಿತ್ತು.

ಅದಕ್ಕೆಂದೇ ಇಮೇಜರ್ ಎಂಬ ತಂತ್ರಾಂಶವಿದೆ. ಬೋರ್ಡು ಆರಿಸಿದೆ, ಓಎಸ್ ಆರಿಸಿದೆ, ಕಾರ್ಡು ಆರಿಸಿದೆ. ಮುಂದಿನದು ಈ ಸೆಟ್ಟಿಂಗುಗಳನ್ನೆಲ್ಲ ತುಂಬುವ ಕಸ್ಟಮೈಸೇಶನ್ ಎಂಬ ಬಟನ್ನು. ಅದು ಮಾತ್ರ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು.

ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರನ್ನು ನೀವು ನೋಡಿರಬೇಕು. ಎದುರಿಗೇ ಇರುತ್ತಾರೆ, ಶಲ್ಯ ನೆಟ್ಟಗಿರುತ್ತದೆ, ಮಾತಾಡಿಸಿದರೆ ಮಾತ್ರ ಕೇಳಿಸುವುದಿಲ್ಲ. ನಾನೂ ಮೊದಲು ಮರ್ಯಾದೆಯಿಂದ ಒಂದು ಕ್ಲಿಕ್ ಮಾಡಿದೆ. ಆಮೇಲೆ ಎರಡು, ಒಟ್ಟೊಟ್ಟಿಗೆ. ನಂತರ ಬಲಗಡೆಯ ಗುಂಡಿಯಿಂದ. ಅಕ್ಷರದ ಅಂಚಿನಲ್ಲಿ ಎಲ್ಲಾದರೂ ಜೀವವಿದ್ದೀತೆಂದು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಕ್ಷರದ ಮೇಲೆ ಒತ್ತಿಕೊಂಡು ಹೋದೆ. ಬೇರೆಲ್ಲೋ ನೋಡುವಂತೆ ನಟಿಸಿ, ಅದು ಮೈಮರೆತಾಗ ತಟ್ಟನೆ ಒತ್ತಿದೆ. ಮೌಸನ್ನು ಲುಂಗಿಗೆ ಒರೆಸಿ ಒತ್ತಿದೆ. ಕಾಫಿ ಕುಡಿದು ಬಂದು, ಹೊಸಬನಂತೆ ಪರಿಚಯ ಮಾಡಿಕೊಂಡು ಒತ್ತಿದೆ. ಬೀಗರು ಅಲುಗಲಿಲ್ಲ. "ಏನ್ರೀ, ಸೊಳ್ಳೆ ಹೊಡೀತಿದ್ದೀರಾ?" ಎಂದು ಒಳಗಿನಿಂದ ಪ್ರಶ್ನೆ ಬಂತು.

ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನು ಹಚ್ಚಿದೆ. "ಅಯ್ಯೋ ಮಾವ, ಕಂಟ್ರೋಲ್, ಶಿಫ್ಟ್, ಎಕ್ಸ್ ಮೂರೂ ಒಟ್ಟಿಗೆ ಒತ್ತಿ, ಗುಪ್ತ ಮೆನು ಬರುತ್ತೆ" ಎಂದ. ಅದು 2021ರ ವಿದ್ಯೆ. ಆಮೇಲೆ ಗಿಯರಿನ ಚಿತ್ರ ಬಂದು, ಅದೂ ಹೋಗಿ, ಈಗ ಈ ಬಟನ್ನು. "ಹಾಗಾದ್ರೆ ಡಬ್ಲ್ಯುಪಿಎ ಸಪ್ಲಿಕಂಟ್ ಫೈಲು ಕೈಯಾರೆ ಹಾಕಿಬಿಡಿ." 2023ರ ಬುಕ್‌ವರ್ಮ್ ಎಂಬ ಓಎಸ್ ಆವೃತ್ತಿಯಿಂದ ಈಚೆಗೆ ವೈಫೈ ನೆಟ್‌ವರ್ಕ್‌ಮ್ಯಾನೇಜರ್‌ನ ಕೈಗೆ ಹೋಗಿದೆ, ಆ ಫೈಲನ್ನು ಕೇಳುವವರೇ ಇಲ್ಲ. ಹಳಸಿದ ಸಲಹೆಯನ್ನು ಬಿಸಿಬಿಸಿಯಾಗಿ ಬಡಿಸುವ ಈ ಹುಡುಗರ ಆತ್ಮವಿಶ್ವಾಸ ಕಂಡರೆ ನನಗೆ ಮೈ ಉರಿಯುತ್ತದೆ. ಅದೇ ಹುಡುಗ ಯುಗಾದಿಗೆ ಬಂದಾಗ ಪೆನ್‌ಡ್ರೈವಿನಲ್ಲಿ ಓಎಸ್ ಫೈಲು ತಂದುಕೊಟ್ಟಿದ್ದ, "ನೆಟ್ ಯಾಕೆ ಖರ್ಚು ಮಾಡ್ತೀರಿ" ಎಂದು.

ಮುನಿಸಿನ ಮೂಲ, ನಾನು ಓಎಸ್ ಎಂದು ಆರಿಸಿದ್ದ ಆ ಪೆನ್‌ಡ್ರೈವಿನ ಫೈಲೇ. ತನ್ನ ಪಟ್ಟಿಯಿಂದ ಆರಿಸಿದ ಓಎಸ್ ಸೆಟ್ಟಿಂಗನ್ನು ಯಾವ ರೂಪದಲ್ಲಿ ಓದುತ್ತದೆಂದು ಇಮೇಜರ್‌ಗೆ ಗೊತ್ತು. ಯೂಸ್ ಕಸ್ಟಮ್ ಎಂದು ಹೊರಗಿನ ಫೈಲು ತಂದುಕೊಟ್ಟರೆ ಅದರ ಹೊಟ್ಟೆಯಲ್ಲೇನಿದೆಯೋ ಅದಕ್ಕೇನು ಗೊತ್ತು? ಪಟ್ಟಿಯಿಂದ ಅದೇ ಓಎಸ್ಸನ್ನು ಆರಿಸಿದೆ. ಬೀಗರಿಗೆ ಬಣ್ಣ ಬಂತು.

ಒಂದು ಕಾಲಕ್ಕೆ ಇಷ್ಟು ರಗಳೆಯೇ ಇರಲಿಲ್ಲ. ಬಳಕೆದಾರನ ಹೆಸರು ಪೈ, ಪಾಸ್‌ವರ್ಡು ರಾಸ್ಪ್‌ಬೆರಿ, ಲೋಕಕ್ಕೆಲ್ಲ ಒಂದೇ. ಲೋಕಕ್ಕೆಲ್ಲ ಗೊತ್ತಿದ್ದದ್ದು ಕಳ್ಳರಿಗೂ ಗೊತ್ತಿತ್ತು. ಆ ಪಾಸ್‌ವರ್ಡನ್ನೇ ನಂಬಿ ಪೈಗಳೊಳಗೆ ನುಗ್ಗಿ, ಯಾರದೋ ಕರೆಂಟಿನಲ್ಲಿ ಕ್ರಿಪ್ಟೊ ಹಣ ಟಂಕಿಸುವ ವೈರಸ್ಸೊಂದು 2017ರಲ್ಲಿ ಸಿಕ್ಕಿಬಿತ್ತು. 2022ರ ಏಪ್ರಿಲ್‌ನಲ್ಲಿ ಆ ಸಾರ್ವಜನಿಕ ಬೀಗದಕೈಯನ್ನು ಕಿತ್ತುಹಾಕಿದರು. ನಮ್ಮ ಬೀದಿಯಲ್ಲಿ ಅರ್ಧ ಮನೆಗಳ ವೈಫೈ ಪಾಸ್‌ವರ್ಡು ಅವರವರ ಮೊಬೈಲ್ ನಂಬರೇ ಎಂಬುದು ನೆನಪಾಗಿ, ನನಗೆ ಸ್ವಲ್ಪ ಹೊತ್ತು ನಗು ಬರಲಿಲ್ಲ.

ಉಳಿದದ್ದು ಸಲೀಸು. ಹೆಸರಿಟ್ಟೆ, ವೈಫೈಗೆ ದೇಶ ಭಾರತವೆಂದು ಹೇಳಿದೆ (ಹೇಳದಿದ್ದರೆ ಅದರ ರೇಡಿಯೊ ಬಾಯಿಬಿಡುವುದಿಲ್ಲ), ಕಾರ್ಡು ಬರೆದು ಪೈಗೆ ಸಿಕ್ಕಿಸಿ, ಮನೆಯ ಜಾಹೀರಾತುಗಳನ್ನು ತಡೆಯುವ ಪೈ-ಹೋಲ್ ಹಾಕಿದೆ. ಸಂಜೆಯ ಹೊತ್ತಿಗೆ ಮನೆಯ ಫೋನುಗಳು ತೊಳೆದಿಟ್ಟಂತಾಗಿದ್ದವು. ಎದೆಯುಬ್ಬಿಸಿ ಹಜಾರಕ್ಕೆ ಬಂದರೆ ಹೆಂಡತಿ ಫೋನು ಮುಂದೆ ಹಿಡಿದಳು.

"ರೀ, ಸೀರೆ ಡಿಸ್ಕೌಂಟಿಂದು ಎಷ್ಟು ಒತ್ತಿದ್ರೂ ಓಪನ್ನೇ ಆಗ್ತಿಲ್ಲ. ಇವತ್ತೇ ಕೊನೇ ದಿನ ಅಂತೆ."